ಔಷಧಕಲ್ಪನೆ: ಅಂಗಡಿಯ ಕಸುಬೋ, ಶಾಸ್ತ್ರವೋ?

ಔಷಧವನ್ನು ಕಂಡುಹಿಡಿಯತಕ್ಕವನು ವಿಜ್ಞಾನಿ, ಅದನ್ನು ರೋಗಿಗೆ ವಿಧಿಸತಕ್ಕವನು ವೈದ್ಯ, ಇವರಿಬ್ಬರ ನಡುವೆ ನಿಂತು ಅದನ್ನು ಸಿದ್ಧಮಾಡತಕ್ಕವನೂ ಅಳೆದು ಕೊಡತಕ್ಕವನೂ ಬರಿಯ ವರ್ತಕ, ಎಂಬ ಅಭಿಪ್ರಾಯವು ವಿದ್ಯಾವಂತರೆನ್ನಿಸಿಕೊಂಡವರಲ್ಲಿಯೂ ಬೇರುಬಿಟ್ಟಿರುವುದು. ಮಗನಿಗೆ ವೈದ್ಯಕೀಯ ಕಾಲೇಜಿನಲ್ಲಿ ಸ್ಥಳವು ದೊರೆಯದೆ ಹೋದರೆ, “ಫಾರ್ಮಸಿಯನ್ನಾದರೂ ಓದಲಿ” ಎಂದು ತಂದೆಯು ನಿಟ್ಟುಸಿರಿಡುವನು. ಆ “ಆದರೂ” ಎಂಬ ಒಂದು ಅವ್ಯಯದೊಳಗೆ ಒಂದು ಶಾಸ್ತ್ರಕ್ಕೆ ಸಲ್ಲುತ್ತಿರುವ ಅನಾದರವೆಲ್ಲವೂ ಅಡಗಿದೆ. ದ್ರವ್ಯವು ಔಷಧವಾಗುವ ಬಗೆ, ಔಷಧವು ಕಾರ್ಖಾನೆಯಲ್ಲಿ ಸಿದ್ಧವಾಗುವ ಕ್ರಮ, ಸಿದ್ಧವಾದುದು ದೇಹದೊಳಗೆ ಸೇರುವ ಮಾರ್ಗ, ಈ ಮೂರನ್ನೂ ವಿಚಾರಮಾಡುವ ವಿದ್ಯೆಯನ್ನು ಚಿಕಿತ್ಸೆಯ ನಾಲ್ಕು ಕಾಲುಗಳಲ್ಲಿ ಒಂದೆಂದು ಎಣಿಸಬೇಕು. ಕಾಲು ಮುರಿದ ಮಂಚದ ಮೇಲೆ ರೋಗಿಯನ್ನು ಮಲಗಿಸಿ ಅವನ ಆಯುಸ್ಸಿಗಾಗಿ ದೇವರಿಗೆ ಹರಸಿಕೊಳ್ಳುವುದರಿಂದ ಪ್ರಯೋಜನವೇನು?

ಈ ಅನಾದರದ ಬೆಲೆಯನ್ನು ತೆರುತ್ತಿರುವವರು ಯಾರೆಂಬುದನ್ನು ಮೊದಲು ನೋಡಬೇಕು. 2025ನೆಯ ಇಸವಿಯ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಮಧ್ಯಪ್ರದೇಶದ ಛಿಂದವಾಡಾ ಸೀಮೆಯಲ್ಲಿ ಕೆಮ್ಮು ನೆಗಡಿಗಳಿಗಾಗಿ ಸಿರಪ್ಪನ್ನು ಕುಡಿದ ಇಪ್ಪತ್ತಕ್ಕೂ ಹೆಚ್ಚು ಮಂದಿ ಎಳೆಯ ಮಕ್ಕಳು ಮೂತ್ರಪಿಂಡಗಳು ಕೆಟ್ಟು ಮಡಿದುವು. ಆ ಸಿರಪ್ಪು ತಮಿಳುನಾಡಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಸಿದ್ಧವಾದುದು. ಸರ್ಕಾರದ ಪ್ರಯೋಗಶಾಲೆಯಲ್ಲಿ ಅದನ್ನು ಪರೀಕ್ಷಿಸಿದಾಗ ನೂರಕ್ಕೆ 48.6 ಭಾಗದಷ್ಟು ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷದ್ರವವು ಕಂಡುಬಂದಿತು. ಇರಬಹುದಾದ ಮಿತಿಯು ನೂರಕ್ಕೆ 0.1 ಭಾಗ ಮಾತ್ರ. ಸೀಸೆಯ ಮೇಲೆ ಬರೆದಿದ್ದ ಔಷಧಗಳು ಎಲ್ಲ ಊರುಗಳಲ್ಲಿಯೂ ನಿತ್ಯವೂ ಮಾರಾಟವಾಗತಕ್ಕ ಸಾಮಾನ್ಯ ಔಷಧಗಳೇ. ಮಕ್ಕಳನ್ನು ಕೊಂದದ್ದು ಆ ಔಷಧಗಳ ವಾಹನವಾಗಿದ್ದ ದ್ರವ.

ವಾಹನದ ಮಾತು ಏಕೆ ಬಂದಿತೆಂಬುದನ್ನು ತಿಳಿಯದವರಿಗೆ ಈ ದುರಂತದ ಮೂಲವು ತಿಳಿಯಲಾರದು. ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಮುಂತಾದ ದ್ರವ್ಯಗಳು ತಣ್ಣೀರಿನಲ್ಲಿ ಬೇಕಾದಷ್ಟು ಕರಗುವುದಿಲ್ಲ. ಮಗುವಿಗೆ ಮಾತ್ರೆಯನ್ನು ನುಂಗಿಸಲಾಗದು. ಆದುದರಿಂದ ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್ ಮೊದಲಾದ ದ್ರವಗಳನ್ನು ಸೇರಿಸಿ ಕರಗಿಸಬೇಕಾಗುವುದು. ಇವು ಬಣ್ಣವಿಲ್ಲದವು, ಮಂದವಾದವು, ಸಿಹಿಯಾದವು. ಯಂತ್ರೋದ್ಯಮಗಳಲ್ಲಿ ಬಳಸುವ ಡೈಎಥಿಲೀನ್ ಗ್ಲೈಕಾಲೂ ಬಣ್ಣವಿಲ್ಲದ್ದು, ಮಂದವಾದುದು, ಸಿಹಿಯಾದುದು, ಮೇಲಾಗಿ ಅಗ್ಗವಾದುದು. ನಾಲಗೆಗೂ ಕಣ್ಣಿಗೂ ಭೇದವು ತಿಳಿಯದು. ದೇಹದೊಳಗೆ ಹೋದ ಮೇಲೆ ಅದು ಆಮ್ಲವಾಗಿ ಪರಿಣಮಿಸಿ ಮೂತ್ರಪಿಂಡದ ಸೂಕ್ಷ್ಮನಾಳಗಳನ್ನು ಸುಡುವುದು. ಬೆಳ್ಳಗಿರುವುದೆಲ್ಲ ಹಾಲಲ್ಲವೆಂದು ಹಳ್ಳಿಯ ಮುದುಕಿಯೂ ಬಲ್ಲಳು. ಪೀಪಾಯಿಗಟ್ಟಲೆ ದ್ರವವನ್ನು ಕೊಂಡು ಮಕ್ಕಳ ಬಾಯಿಗೆ ಸುರಿಯತಕ್ಕವರಿಗೆ ಅದು ತಿಳಿದಿರಬೇಡವೇ?

ಈ ವಿಷದ ಸ್ವಭಾವವು ಹೊಸದಾಗಿ ಕಂಡದ್ದೆಂದು ಯಾರೂ ತಪ್ಪಿಸಿಕೊಳ್ಳಲಾರರು. 1937ರಲ್ಲಿ ಅಮೇರಿಕಾ ದೇಶದಲ್ಲಿ ಸಲ್ಫನಿಲಮೈಡ್ ಎಂಬ ಔಷಧವನ್ನು ಇದೇ ದ್ರವದಲ್ಲಿ ಕರಗಿಸಿ, ಹಣ್ಣಿನ ರುಚಿಯನ್ನು ಕಟ್ಟಿ ಮಾರಿದರು. ರುಚಿಯನ್ನು ಪರೀಕ್ಷಿಸಿದರು, ಬಣ್ಣವನ್ನು ಪರೀಕ್ಷಿಸಿದರು, ಪರಿಮಳವನ್ನು ಪರೀಕ್ಷಿಸಿದರು. ಪ್ರಾಣಕ್ಕೆ ಅಪಾಯವುಂಟೇ ಎಂಬುದನ್ನು ಮಾತ್ರ ಪರೀಕ್ಷಿಸಲಿಲ್ಲ. ನೂರಕ್ಕೂ ಹೆಚ್ಚು ಜನರು ಸತ್ತರು. ಅಂದಿನ ಕಾನೂನಿನ ಕೈಗೆ ಸಿಕ್ಕಿದ ಅಪರಾಧವಾದರೂ ಯಾವುದು? ಮದ್ಯಸಾರವಿಲ್ಲದ ದ್ರವಕ್ಕೆ “ಎಲಿಕ್ಸಿರ್” ಎಂಬ ಹೆಸರಿಟ್ಟದ್ದು! ಆ ನಾಚಿಕೆಯಿಂದಲೇ ಮರುವರ್ಷ, 1938ರಲ್ಲಿ, ಔಷಧವನ್ನು ಮಾರುವ ಮೊದಲು ಅದು ಅಪಾಯಕರವಲ್ಲವೆಂದು ತೋರಿಸಬೇಕೆಂಬ ಕಾನೂನು ಆ ದೇಶದಲ್ಲಿ ಹುಟ್ಟಿತು. 1986ರಲ್ಲಿ ಮುಂಬಯಿಯ ಜೆ. ಜೆ. ಆಸ್ಪತ್ರೆಯಲ್ಲಿ ಇದೇ ವಿಷವು ಬೆರೆತಿದ್ದ ಗ್ಲಿಸರಿನ್ನಿನಿಂದ 14 ಮಂದಿ ರೋಗಿಗಳು ಸತ್ತರು. ನ್ಯಾಯಮೂರ್ತಿ ಲೆಂಟಿನ್ನರ ಆಯೋಗವು ವಿಚಾರಣೆ ನಡೆಸಿ ವರದಿಯನ್ನೊಪ್ಪಿಸಿತು. 2022ರಲ್ಲಿ ಆಫ್ರಿಕಾದ ಗ್ಯಾಂಬಿಯಾ ದೇಶದಲ್ಲಿ ಸುಮಾರು 70 ಮಕ್ಕಳು ಮೂತ್ರಪಿಂಡದ ವಿಕಾರದಿಂದ ಸತ್ತಾಗ, ಹರಿಯಾಣದಲ್ಲಿ ತಯಾರಾದ ನಾಲ್ಕು ಸಿರಪ್ಪುಗಳಲ್ಲಿ ಈ ವಿಷವೂ ಇದರ ಸೋದರವಾದ ಎಥಿಲೀನ್ ಗ್ಲೈಕಾಲೂ ಇವೆಯೆಂದು ವಿಶ್ವ ಆರೋಗ್ಯ ಸಂಸ್ಥೆಯು ಎಚ್ಚರಿಸಿತು. 1937ರಲ್ಲಿ ಆದುದನ್ನು ಅಜ್ಞಾನವೆನ್ನಬಹುದು. ಎಂಬತ್ತೆಂಟು ವರ್ಷಗಳಾದ ಮೇಲೆ ಆದುದಕ್ಕೆ ನಿಘಂಟಿನಲ್ಲಿ ಬೇರೆ ಶಬ್ದವನ್ನು ಹುಡುಕಬೇಕು.

ಇದೆಲ್ಲ ಹೊರಸೀಮೆಯ ಮಾತೆಂದು ಕನ್ನಡಿಗರು ಸಮಾಧಾನಪಟ್ಟುಕೊಳ್ಳುವಂತಿಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಯಿಂದ ಹೆರಿಗೆಯಾದ ಬಾಣಂತಿಯರು ಒಬ್ಬರಾದ ಮೇಲೊಬ್ಬರು ತೀರಿಕೊಂಡಾಗ, ಸಂಶಯವು ಅವರ ಸಿರೆಯೊಳಕ್ಕೆ ಹರಿಸಿದ್ದ ರಿಂಗರ್ ಲ್ಯಾಕ್ಟೇಟ್ ಎಂಬ ಲವಣದ್ರಾವಣದ ಮೇಲೆ ಬಿದ್ದು, ಸರ್ಕಾರವು ಅದರ ಬಳಕೆಯನ್ನು ನಿಲ್ಲಿಸಬೇಕಾಯಿತು. ನೀರು, ನಾಲ್ಕಾರು ಲವಣಗಳು. ನೋಡುವುದಕ್ಕೆ ಇದಕ್ಕಿಂತ ಸುಲಭವಾದ ಔಷಧವಿಲ್ಲ. ಆದರೂ ಸಿರೆಗೆ ಹೋಗತಕ್ಕ ದ್ರಾವಣದಲ್ಲಿ ಸೂಕ್ಷ್ಮಜೀವಿಗಳು ಸತ್ತಿದ್ದರೆ ಸಾಲದು. ಸತ್ತ ಜೀವಿಗಳ ಮೈಯಿಂದ ಉದುರಿದ ಅಂಶವು ಉಳಿದರೂ ಚಳಿಜ್ವರವು ಬರುವುದು, ರಕ್ತದ ಒತ್ತಡವು ಕುಸಿಯುವುದು. ಆ ಅಂಶವು ಸಾಮಾನ್ಯವಾಗಿ ಸೂಕ್ಷ್ಮಜೀವಿಗಳನ್ನು ಕೊಲ್ಲುವಷ್ಟು ಕಾವಿಗೆ ನಾಶವಾಗತಕ್ಕದ್ದಲ್ಲ. ನೀರನ್ನು ನೀರಾಗಿ ಉಳಿಸುವುದಕ್ಕೂ ಒಂದು ಶಾಸ್ತ್ರವು ಬೇಕೆಂಬುದಕ್ಕೆ ಬೇರೆ ನಿದರ್ಶನವು ಬೇಕಿಲ್ಲ.

ಇಲ್ಲಿ ಒಂದು ಪೂರ್ವಪಕ್ಷವು ಬರುವುದು. “ಇವು ಮೋಸದ, ಉದಾಸೀನದ ಪ್ರಸಂಗಗಳು, ಇವುಗಳಿಗೆ ಪೋಲೀಸಿನವರೂ ನ್ಯಾಯಸ್ಥಾನವೂ ಸಾಕು. ಔಷಧದ ಹೆಸರು ಒಂದೇ, ತೂಕ ಒಂದೇ ಆದ ಮೇಲೆ, ಯಾರು ಹೇಗೆ ಮಾಡಿದರೇನು?” ಎಂದು ಕೇಳುವವರುಂಟು. ಮೋಸವೇ ಇಲ್ಲದ ಕಡೆಯಲ್ಲಿ ಏನಾಯಿತೆಂಬುದನ್ನು ಇವರು ಕೇಳಬೇಕು. 1968ರಲ್ಲಿ ಆಸ್ಟ್ರೇಲಿಯಾದಲ್ಲಿ ಅಪಸ್ಮಾರದ ರೋಗಿಗಳು ಬಹುಕಾಲದಿಂದ ನುಂಗುತ್ತಿದ್ದ ಫೆನಿಟಾಯಿನ್ ಎಂಬ ಔಷಧದ ಕ್ಯಾಪ್ಸೂಲುಗಳಲ್ಲಿ ಔಷಧವು ಎಳ್ಳಷ್ಟೂ ಬದಲಾಗಲಿಲ್ಲ. ಕ್ಯಾಪ್ಸೂಲನ್ನು ತುಂಬುವುದಕ್ಕೆ ಬೆರೆಸುತ್ತಿದ್ದ ಕ್ಯಾಲ್ಸಿಯಂ ಸಲ್ಫೇಟಿನ ಪುಡಿಗೆ ಬದಲಾಗಿ ಹಾಲಿನ ಸಕ್ಕರೆಯನ್ನು ಹಾಕಿದರು, ಅಷ್ಟೆ. ಹಿಂದಿನ ಪುಡಿಯು ಔಷಧದ ಒಂದು ಭಾಗವನ್ನು ಕರುಳಿನಲ್ಲಿಯೇ ತಡೆದಿಡುತ್ತಿತ್ತು. ಹಾಲಿನ ಸಕ್ಕರೆಯು ತಡೆಯಲಿಲ್ಲ. ಅದೇ ಅಳತೆಯ ಔಷಧವು ರಕ್ತದಲ್ಲಿ ಮಿತಿಮೀರಿ, ರೋಗಿಗಳು ತಲೆ ತಿರುಗಿ ಹೆಜ್ಜೆ ತಪ್ಪಿ ತೂರಾಡತೊಡಗಿದರು. 1971ರಲ್ಲಿ ಹೃದ್ರೋಗದ ಡಿಜಾಕ್ಸಿನ್ ಮಾತ್ರೆಯ ನಾಲ್ಕು ತಯಾರಿಕೆಗಳನ್ನು ಅಮೇರಿಕಾದಲ್ಲಿ ಹೋಲಿಸಿ ನೋಡಿದಾಗ, ಅಳತೆ ಒಂದೇ ಆಗಿದ್ದರೂ ರಕ್ತದಲ್ಲಿ ಕಾಣಿಸಿಕೊಂಡ ಪ್ರಮಾಣದಲ್ಲಿ ಏಳು ಪಟ್ಟಿನವರೆಗೆ ವ್ಯತ್ಯಾಸವು ಕಂಡಿತು. ಡಿಜಾಕ್ಸಿನ್ನಿನಲ್ಲಿ ಗುಣಕ್ಕೂ ವಿಷಕ್ಕೂ ನಡುವಣ ಅಂತರವು ಕೂದಲೆಳೆಯಷ್ಟು. ಅಲ್ಲಿ ಯಾರ ಮೋಸವಿತ್ತು? ತೂಕವು ಸರಿಯಾಗಿತ್ತು, ಹೆಸರು ಸರಿಯಾಗಿತ್ತು. ಕಲ್ಪನೆಯಲ್ಲಿ ಮಾತ್ರ ಭೇದವಿತ್ತು.

ನುಂಗಿದ ಮಾತ್ರೆಯು ಕೂಡಲೇ ಔಷಧವಾಯಿತೆಂದು ತಿಳಿಯುವುದೇ ಈ ಪೂರ್ವಪಕ್ಷದ ಮೂಲದೋಷ. ಮಾತ್ರೆಯು ಮೊದಲು ಒಡೆದು ಪುಡಿಯಾಗಬೇಕು. ಪುಡಿಯು ಜಠರದ ಇಲ್ಲವೆ ಕರುಳಿನ ರಸದಲ್ಲಿ ಕರಗಬೇಕು. ಕರಗಿದುದು ಕರುಳಿನ ಗೋಡೆಯನ್ನು ದಾಟಬೇಕು. ದಾಟಿದುದು ಯಕೃತ್ತಿನ ಮೂಲಕ ಹಾದು, ಅಲ್ಲಿ ನಾಶವಾಗದೆ ಉಳಿದಷ್ಟು ಮಾತ್ರ ದೇಹದಲ್ಲೆಲ್ಲ ಸಂಚರಿಸಬೇಕು. ಎದೆನೋವಿಗೆ ಕೊಡುವ ನೈಟ್ರೋಗ್ಲಿಸರಿನ್ ಮಾತ್ರೆಯನ್ನು ನಾಲಗೆಯ ಕೆಳಗೆ ಇಡಬೇಕೆನ್ನುವುದು ಯಕೃತ್ತಿನ ಈ ಸುಂಕದ ಕಟ್ಟೆಯನ್ನು ತಪ್ಪಿಸುವುದಕ್ಕಾಗಿ. ಇನ್ಸುಲಿನ್ನನ್ನು ಚರ್ಮದ ಕೆಳಗೆ ಚುಚ್ಚುವುದು ಅದು ಹೊಟ್ಟೆಗೆ ಹೋದರೆ ಅನ್ನದಂತೆ ಜೀರ್ಣವಾಗಿಹೋಗುವುದೆಂಬುದಕ್ಕಾಗಿ. ಹುಳಿತೇಗಿಗೆ ಕೊಡುವ ಒಮೆಪ್ರಜೋಲ್ ಜಠರದ ಆಮ್ಲದಲ್ಲಿ ಕೆಡುವುದಾದುದರಿಂದ, ಅದರ ಕಣಗಳಿಗೆ ಕರುಳಿನಲ್ಲಿ ಮಾತ್ರ ಕರಗುವ ಲೇಪನವನ್ನು ಕೊಟ್ಟಿರುವರು; ಆ ಕಣಗಳನ್ನು ಅರೆದು ಕುಡಿಸುವವನು ಔಷಧವನ್ನು ಹೊಳೆಗೆ ಚೆಲ್ಲಿದಂತೆಯೇ ಸರಿ. ಟೆಟ್ರಾಸೈಕ್ಲಿನ್ನನ್ನು ಹಾಲಿನೊಡನೆ ತೆಗೆದುಕೊಂಡರೆ ಹಾಲಿನ ಕ್ಯಾಲ್ಸಿಯಂ ಅದನ್ನು ಕಟ್ಟಿಹಾಕುವುದು. ಥೈರಾಯ್ಡಿನ ಮಾತ್ರೆಯನ್ನು ಬೆಳಗಿನ ಕಾಫಿಯೊಡನೆ ನುಂಗುವವರು ಅದರ ಒಂದಂಶವನ್ನು ಕಾಫಿಗೆ ಕಪ್ಪವಾಗಿ ಒಪ್ಪಿಸುವರು. ಇಷ್ಟನ್ನೂ ತಿಳಿದು ಹೇಳತಕ್ಕವನು ಯಾರು? ವೈದ್ಯನಿಗೆ ಸಮಯವಿಲ್ಲ. ಅಂಗಡಿಯಲ್ಲಿ ಪಟ್ಟಿಯನ್ನು ಕತ್ತರಿಸಿ ಕೊಡುವ ಹುಡುಗನಿಗೆ ತಿಳಿಯದು.

ಎರಡನೆಯ ಪೂರ್ವಪಕ್ಷವು ಸ್ವದೇಶಾಭಿಮಾನಿಗಳದು. “ಇದೆಲ್ಲವೂ ಋಷಿಗಳಿಗೆ ತಿಳಿದೇ ಇತ್ತು, ವಿಲಾಯಿತಿಯವರು ಇಂದು ಹೇಳುವುದು ಪಿಷ್ಟಪೇಷಣ” ಎಂದು ಇವರು ಎದೆಯುಬ್ಬಿಸುವರು. ಇವರ ಮಾತಿನಲ್ಲಿ ಅರ್ಧ ಸತ್ಯವಿರುವುದರಿಂದಲೇ ಇದು ಹೆಚ್ಚು ಅಪಾಯಕರ. ಚರಕನು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿ, ಅವುಗಳಲ್ಲಿ ದ್ರವ್ಯವೆಂಬ ಪಾದಕ್ಕೆ ಇರಬೇಕಾದ ಗುಣಗಳಲ್ಲಿ ಅನೇಕವಿಧವಾದ ಕಲ್ಪನೆಗೆ ಒದಗುವುದನ್ನೂ ಎಣಿಸಿರುವನು. ಸ್ವರಸ, ಕಲ್ಕ, ಕ್ವಾಥ, ಹಿಮ, ಫಾಂಟಗಳೆಂಬ ಐದು ಕಲ್ಪನೆಗಳನ್ನು ಶಾರ್ಙ್ಗಧರನು ಅಳತೆಸಹಿತವಾಗಿ ವಿವರಿಸಿರುವನು: ಕ್ವಾಥಕ್ಕೆ ದ್ರವ್ಯದ ಹದಿನಾರರಷ್ಟು ನೀರು, ಕಾಯಿಸಿ ಎಂಟನೆಯ ಒಂದು ಭಾಗಕ್ಕೆ ಇಳಿಸುವುದು. ತೈಲಪಾಕದಲ್ಲಿ ಮೃದುವಾದುದು ನಸ್ಯಕ್ಕೆ, ಖರವಾದುದು ಅಭ್ಯಂಗಕ್ಕೆ ಎಂದು ದೇಹದೊಳಗೆ ಹೋಗುವ ದಾರಿಗೆ ತಕ್ಕಂತೆ ಪಾಕವನ್ನು ಬೇರ್ಪಡಿಸಿದುದೂ ಉಂಟು. ಚೂರ್ಣದ ವೀರ್ಯವು ಎರಡು ತಿಂಗಳಲ್ಲಿ ಕುಂದುವುದು, ಗುಟಿಕೆ ಲೇಹ್ಯಗಳು ಒಂದು ವರ್ಷ ನಿಲ್ಲುವುವು ಎಂದು ಕಾಲಾವಧಿಯನ್ನು ಗೊತ್ತುಮಾಡಿದುದೂ ಉಂಟು. ಭಸ್ಮವು ಬೆರಳ ಗೆರೆಗಳೊಳಗೆ ಸೇರುವಷ್ಟು ನುಣ್ಣಗಿರಬೇಕೆಂಬ ರೇಖಾಪೂರ್ಣಪರೀಕ್ಷೆಯು ಕಣದ ಗಾತ್ರವನ್ನು ಕುರಿತ ಪರೀಕ್ಷೆಯೇ ಸರಿ. ಗಜಕರ್ಣದ ಔಷಧವಾದ ಗ್ರಿಸಿಯೋಫಲ್ವಿನ್ನನ್ನು ಇನ್ನೂ ನುಣ್ಣಗೆ ಅರೆದಾಗ ಅರ್ಧ ಅಳತೆಯೇ ಸಾಕಾಯಿತೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಪ್ರಾಚೀನರ ದೃಷ್ಟಿಯು ಎಲ್ಲಿಗೆ ನೆಟ್ಟಿತ್ತೆಂಬುದು ತಿಳಿಯುವುದು.

ಆದರೆ ದೃಷ್ಟಿಯಿದ್ದ ಮಾತ್ರಕ್ಕೆ ಪರೀಕ್ಷೆಯು ಮುಗಿಯಿತೇ? ಅನುಪಾನದ ಮಹಿಮೆಯನ್ನು ಹೊಗಳಿದವರು ಅಸಂಖ್ಯರು, ಅಳೆದವರು ಕೆಲವರು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅರಿಶಿನದ ಸಾರವಾದ ಕರ್ಕ್ಯುಮಿನ್ನನ್ನು 2 ಗ್ರಾಂ ಕೊಟ್ಟಾಗ ರಕ್ತದಲ್ಲಿ ಅದು ಕಂಡೂ ಕಾಣದಷ್ಟಿತ್ತು. ಅದರೊಡನೆ ಮೆಣಸಿನ ಸಾರವಾದ ಪೈಪರಿನ್ನನ್ನು 20 ಮಿಲಿಗ್ರಾಂ ಕೊಟ್ಟಾಗ ದೇಹಕ್ಕೆ ಸೇರಿದ ಪ್ರಮಾಣವು ಸುಮಾರು 20 ಪಟ್ಟು ಹೆಚ್ಚಿತು. ತ್ರಿಕಟುವನ್ನು ಯೋಗಯೋಗಗಳಲ್ಲಿಯೂ ಸೇರಿಸಿದ ಹಿರಿಯರಿಗೆ ಇದಕ್ಕಿಂತ ದೊಡ್ಡ ಗೌರವವನ್ನು ಯಾವ ಸಭೆಯ ಭಾಷಣವೂ ಸಲ್ಲಿಸಿಲ್ಲ. ಜೊತೆಗೆ ಒಂದು ಎಚ್ಚರಿಕೆಯೂ ಇದರಿಂದಲೇ ಹೊರಟಿತು: ಅರಿಶಿನವನ್ನು ಒಳಸೇರಿಸುವ ಮೆಣಸಿನ ಸಾರವು ಬೇರೆ ಔಷಧಗಳನ್ನೂ ಮಿತಿಮೀರಿ ಒಳಸೇರಿಸಬಹುದು. ಅಳೆಯದವನಿಗೆ ಈ ಗೌರವವೂ ಇಲ್ಲ, ಈ ಎಚ್ಚರಿಕೆಯೂ ಇಲ್ಲ. 2004ರಲ್ಲಿ ಅಮೇರಿಕಾದ ಬಾಸ್ಟನ್ ನಗರದ ಅಂಗಡಿಗಳಲ್ಲಿ ದೊರೆತ 70 ಆಯುರ್ವೇದೀಯ ತಯಾರಿಕೆಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ, ಪಾಷಾಣಗಳಲ್ಲಿ ಒಂದಾದರೂ ಕಂಡುಬಂದಿತು. “ಶೋಧನ ಮಾರಣಗಳು ಸರಿಯಾಗಿ ಆಗಿದ್ದರೆ ದೋಷವಿಲ್ಲ” ಎಂದು ಉತ್ತರಕೊಡುವವರು, ಸರಿಯಾಗಿ ಆಗಿವೆಯೆಂಬುದನ್ನು ಸೀಸೆಸೀಸೆಗೂ ತೋರಿಸಿಕೊಡಲಿ. ಬೆರಳಗೆರೆಯ ಪರೀಕ್ಷೆಯು ನುಣುಪನ್ನು ಹೇಳುವುದು. ಮೂತ್ರಪಿಂಡದ ಕ್ಷೇಮವನ್ನು ಹೇಳಲಾರದು. ಶಾರ್ಙ್ಗಧರನ ಹೆಸರನ್ನು ಪೆಟ್ಟಿಗೆಯ ಮೇಲೆ ಅಚ್ಚುಹಾಕಿಸುವುದು ಸುಲಭ. ಅವನು ಕಾಲಾವಧಿಯನ್ನೂ ಪಾಕಲಕ್ಷಣವನ್ನೂ ನೋಡಿದ ಕಣ್ಣಿನಿಂದ ನೋಡುವುದು ಕಷ್ಟ. ಅವನ ಶಿಷ್ಯರಾಗುವವರಿಗೆ ಆ ಕಷ್ಟವನ್ನು ಬಿಟ್ಟು ಬೇರೆ ದಾರಿಯಿಲ್ಲ.

ಮೂರನೆಯ ಪೂರ್ವಪಕ್ಷವು ದಯೆಯ ವೇಷದಲ್ಲಿ ಬರುವುದು. “ಕಟ್ಟುನಿಟ್ಟು ಹೆಚ್ಚಿದರೆ ಸಣ್ಣ ಕಾರ್ಖಾನೆಗಳು ಮುಚ್ಚುವುವು, ಬೆಲೆಯೇರಿ ಬಡವರು ಔಷಧವಿಲ್ಲದೆ ಸಾಯುವರು” ಎಂಬುದು ಇದರ ಸಾರ. ಬಡವರ ಹೆಸರನ್ನು ಹೇಳುವವರು ಛಿಂದವಾಡಾದಲ್ಲಿ ಸತ್ತ ಮಕ್ಕಳು ಯಾರವೆಂಬುದನ್ನು ಮರೆಯಬಾರದು. ಡೈಎಥಿಲೀನ್ ಗ್ಲೈಕಾಲ್ ಬೆರೆತಿದೆಯೇ ಎಂದು ಸ್ಥೂಲವಾಗಿ ನೋಡುವುದಕ್ಕೆ ಗಾಜಿನ ಇಲ್ಲವೆ ಲೋಹದ ಸಣ್ಣ ಹಲಗೆಯ ಮೇಲೆ ತೊಟ್ಟಿಕ್ಕಿ ಬೇರ್ಪಡಿಸಿ ನೋಡುವ ಅಗ್ಗದ ಪರೀಕ್ಷೆಯೊಂದುಂಟು. ಸಾಮಾನ್ಯ ಕಾಲೇಜಿನ ಪ್ರಯೋಗಶಾಲೆಯಲ್ಲಿಯೂ ಆಗತಕ್ಕದ್ದು. ಕೊಂಡ ಪ್ರತಿಯೊಂದು ಪೀಪಾಯಿಯನ್ನೂ ಪರೀಕ್ಷಿಸುವ ಖರ್ಚನ್ನು ತಾಳಲಾರದ ಕಾರ್ಖಾನೆಗೆ ಮಕ್ಕಳ ಔಷಧವನ್ನು ಮಾಡುವ ಅಧಿಕಾರವೆಲ್ಲಿಯದು? ಔಷಧ ತಯಾರಿಕೆಯ ಕ್ರಮಗಳನ್ನು ಕೇಂದ್ರ ಸರ್ಕಾರವು 2023ರ ಡಿಸೆಂಬರಿನಲ್ಲಿ ಬಿಗಿಗೊಳಿಸಿತು. ಸಣ್ಣ ಕಾರ್ಖಾನೆಗಳು ಕೇಳಿಕೊಂಡ ಮೇಲೆ ಅವುಗಳಿಗೆ 2025ರ ಕೊನೆಯವರೆಗೆ ಅವಧಿಯನ್ನು ಕೊಟ್ಟಿತು. ಛಿಂದವಾಡಾದ ಮಕ್ಕಳು ಆ ಅವಧಿಯೊಳಗೇ ಸತ್ತುವು.

ಅಗ್ಗದ ಔಷಧವೆಲ್ಲವೂ ಕೆಟ್ಟದ್ದು, ದೊಡ್ಡ ಹೆಸರಿನದೆಲ್ಲವೂ ಒಳ್ಳೆಯದು ಎಂದು ಇದರಿಂದ ಯಾರೂ ಅರ್ಥಮಾಡಬಾರದು. ಅದೂ ಅಷ್ಟೇ ಮೌಢ್ಯ. ಕರಗುವ ಗುಣ, ಕರುಳನ್ನು ದಾಟುವ ಗುಣ ಎಂಬೆರಡರಿಂದ ಔಷಧಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸುವ ಕ್ರಮವನ್ನು ಅಮೇರಿಕಾದ ಗಾರ್ಡನ್ ಅಮಿಡಾನ್ ಮತ್ತು ಅವರ ಸಂಗಡಿಗರು 1995ರಲ್ಲಿ ತೋರಿಸಿಕೊಟ್ಟರು. ಸುಲಭವಾಗಿ ಕರಗಲಾರದ ಎರಡು ವರ್ಗಗಳ ಔಷಧಗಳನ್ನು ಹೊಸದಾಗಿ ಮಾಡಬಯಸುವವರು, ತಮ್ಮ ಮಾತ್ರೆಯು ಮೂಲದ ಮಾತ್ರೆಯಷ್ಟೇ ರಕ್ತಕ್ಕೆ ಸೇರುವುದೆಂದು ಮನುಷ್ಯರಲ್ಲಿಯೇ ಪರೀಕ್ಷಿಸಿ ತೋರಿಸಬೇಕೆಂದು ಭಾರತದಲ್ಲಿ 2017ರಲ್ಲಿ ನಿಯಮವಾಯಿತು. ಹೀಗೆ ತೋರಿಸಿಕೊಟ್ಟ ಅಗ್ಗದ ಮಾತ್ರೆಯು ಹತ್ತರಷ್ಟು ಬೆಲೆಯ ಮಾತ್ರೆಗೆ ಸಮಾನವೇ. ಬಡವನಿಗೆ ಅಗ್ಗದ ಔಷಧವನ್ನು ನಂಬಿಸಿ ಕೊಡಬಲ್ಲ ಶಾಸ್ತ್ರವು ಇದೊಂದೇ. ಇದನ್ನು ಕಡೆಗಣಿಸುವವರು ಬಡವನ ಮಿತ್ರರಲ್ಲ.

ಇನ್ನು ವಿದ್ಯಾಭ್ಯಾಸದ ಮಾತು. ಭಾರತದ ವಿಶ್ವವಿದ್ಯಾನಿಲಯದೊಳಗೆ ಈ ಶಾಸ್ತ್ರಕ್ಕೆ ಮೊದಲು ಪೀಠವು ದೊರೆತದ್ದು ಕಾಶಿಯಲ್ಲಿ. 1932ರಲ್ಲಿ ಮಹಾದೇವ ಲಾಲ್ ಶ್ರಾಫರು ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಇದನ್ನು ಪಾಠಕ್ರಮಕ್ಕೆ ತಂದರು. 1940ರಲ್ಲಿ ಔಷಧಗಳ ಕಾನೂನೂ, 1948ರಲ್ಲಿ ಫಾರ್ಮಸಿ ಕಾನೂನೂ, 1955ರಲ್ಲಿ ಸ್ವತಂತ್ರ ಭಾರತದ ಔಷಧಕೋಶದ ಮೊದಲ ಮುದ್ರಣವೂ ಬಂದುವು. ತಳಹದಿಯು ಸಣ್ಣದಲ್ಲ. ಕರ್ನಾಟಕದಲ್ಲಿ ಇಂದು ಫಾರ್ಮಸಿ ಕಾಲೇಜಿಲ್ಲದ ಜಿಲ್ಲೆಯನ್ನು ಹುಡುಕುವುದು ಕಷ್ಟ. ಆದರೆ ಅನೇಕ ಕಡೆಗಳಲ್ಲಿ ಈ ವಿದ್ಯೆಯ ಫಲವು ಒಂದು ಸರ್ಟಿಫಿಕೇಟು. ಆ ಸರ್ಟಿಫಿಕೇಟಿನ ಉಪಯೋಗವು ಬಾಡಿಗೆಗೆ ಕೊಡುವುದು. ಔಷಧದ ಅಂಗಡಿಯಲ್ಲಿ ವೈದ್ಯರ ಚೀಟಿಯ ಔಷಧವನ್ನು ಕೊಡುವಾಗ ನೋಂದಾಯಿತ ಫಾರ್ಮಸಿಸ್ಟನು ಸ್ವತಃ ನೋಡಿಕೊಳ್ಳಬೇಕೆಂಬುದು ಕಾನೂನು. ಗೋಡೆಯ ಮೇಲೆ ಅವನ ಸರ್ಟಿಫಿಕೇಟು ಕನ್ನಡಿಯೊಳಗೆ ಕುಳಿತು ಕಾನೂನನ್ನು ಪಾಲಿಸುತ್ತಿರುವುದು. ಅವನು ಬೇರೆಯೂರಿನಲ್ಲಿ ಬೇರೆ ಕೆಲಸದಲ್ಲಿರುವನು. ಅರ್ಚಕನು ತನ್ನ ಜನಿವಾರವನ್ನು ಗರ್ಭಗುಡಿಯ ಗೂಟಕ್ಕೆ ನೇತುಹಾಕಿ ಸಂತೆಗೆ ಹೋದರೆ ಊರವರು ಸುಮ್ಮನಿರುವರೇ? ದೇವರಾದರೂ ಒಂದು ಹೊತ್ತಿನ ಪೂಜೆಯ ಲೋಪವನ್ನು ಕ್ಷಮಿಸಿಯಾನು; ಕೂದಲೆಳೆಯ ಅಂತರದ ಔಷಧವು ಕ್ಷಮಿಸದು.

ಆದುದರಿಂದ ಆಗಬೇಕಾದುವು ಇವು. ಸಣ್ಣದಿರಲಿ ದೊಡ್ಡದಿರಲಿ, ದ್ರವೌಷಧವನ್ನು ಮಾಡುವ ಪ್ರತಿಯೊಂದು ಕಾರ್ಖಾನೆಯೂ ಕೊಂಡ ದ್ರವವನ್ನು ಪರೀಕ್ಷಿಸಿದ ದಾಖಲೆಯನ್ನು ಕೇಳಿದವರಿಗೆ ತೋರಿಸುವಂತಾಗಬೇಕು. ಆಯುರ್ವೇದದ ಔಷಧಶಾಲೆಗಳು ತಮ್ಮ ಭಸ್ಮ ಲೇಹ್ಯಗಳಿಗೆ ಅದೇ ನಿಷ್ಠುರತೆಯನ್ನು ತಾವಾಗಿಯೇ ವಿಧಿಸಿಕೊಳ್ಳಬೇಕು. ಬಾಡಿಗೆಯ ಸರ್ಟಿಫಿಕೇಟಿಗೆ ಶಿಕ್ಷೆಯು ಕಾಗದದಿಂದ ಇಳಿದು ಅಂಗಡಿಯ ಬಾಗಿಲಿಗೆ ಬರಬೇಕು. ಕಾಲೇಜುಗಳು ವಿದ್ಯಾರ್ಥಿಯ ಕೈಯಿಂದ ಮಾತ್ರೆಯನ್ನು ಮಾಡಿಸಿ, ಕರಗಿಸಿ, ಅಳೆಸಿ ಕಲಿಸಬೇಕು. ಟಿಪ್ಪಣಿಯನ್ನು ಬಾಯಿಪಾಠ ಮಾಡಿಸಿ ಕಳುಹಿಸಕೂಡದು. ವಾಚಕರ ಕರ್ತವ್ಯವೂ ಒಂದುಂಟು: ಔಷಧವನ್ನು ಕೊಳ್ಳುವಾಗ ಬೆಲೆಯ ರಿಯಾಯಿತಿಯನ್ನು ಕೇಳುವ ಬಾಯಿಯು, “ಇದನ್ನು ಊಟಕ್ಕೆ ಮುಂಚೆಯೋ ಅನಂತರವೋ, ಏತರೊಡನೆ ತೆಗೆದುಕೊಳ್ಳಬೇಕು, ಇಲ್ಲಿ ಫಾರ್ಮಸಿಸ್ಟರು ಯಾರು?” ಎಂದೂ ಕೇಳಲಿ. ಮಗನು ಬುದ್ಧಿವಂತನಾಗಿದ್ದರೆ, ಮಗಳು ಚುರುಕಾಗಿದ್ದರೆ, ಅವರನ್ನು ಈ ಶಾಸ್ತ್ರಕ್ಕೆ ಮೊದಲನೆಯ ಆಯ್ಕೆಯಾಗಿ ಕಳುಹಿಸಲಿ. “ಫಾರ್ಮಸಿಯನ್ನೇ ಓದಲಿ” ಎಂದು ತಂದೆಯು ಹೇಳುವ ದಿನ, ಸಿರಪ್ಪಿನ ಸೀಸೆಯನ್ನು ಮಗುವಿನ ತುಟಿಗೆ ಹಿಡಿಯುವ ತಾಯಿಯ ಕೈಯಲ್ಲಿ ನಡುಕವಿರಲಾರದು.